ಅರ್ಧ ಬ್ರೆಡ್ಡಿನ ವ್ಯಾನು

"ಆಟಿಕೆ," ಎಂದ ಡಾಕ್ಟರ್.

ಅಷ್ಟೇ, ಇನ್ನೊಂದು ಮಾತಿಲ್ಲ. ಸೂಜಿ ಎಂಬ ಹುಡುಗಿ ಊಟ ತಿಂಡಿ ಮರೆತು ಬಣ್ಣ ಬಳಿದಿದ್ದ ಪುಟ್ಟ ನೀಲಿ ಕಾರನ್ನು ಅವನು ಸತ್ತ ಜಿರಳೆ ಎತ್ತುವ ಹಾಗೆ ಎರಡೇ ಬೆರಳಲ್ಲಿ ಎತ್ತಿದ. ಬೋರಲು ಹಾಕಿ ಅದರ ಹೊಟ್ಟೆ ನೋಡಿದ. ಮತ್ತೆ ಕವುಚಿಟ್ಟ ಬಕೆಟ್ಟಿನ ಮೇಲಿಟ್ಟು ಬೆರಳನ್ನು ಪ್ಯಾಂಟಿಗೆ ಒರೆಸಿಕೊಂಡ.

"ಯಾಕೆ? ಏನಾಗಿದೆ ಇದಕ್ಕೆ?" ಎಂದಳು ಸೂಜಿ.

"ಬಾನೆಟ್ ಮೇಲೆ ನಿನ್ನ ಹೆಬ್ಬೆಟ್ಟಿನ ಗುರುತಿದೆ. ಬಣ್ಣ ಒಣಗೋ ಮೊದಲೇ ಮುಟ್ಟಿದೀಯ. ಬೇಕಾದ್ರೆ ಪೊಲೀಸರಿಗೆ ಕೊಡು, ಕಳ್ಳರನ್ನ ಹಿಡಿಯೋಕೆ ಆಗುತ್ತೆ."

"ಪೊಲೀಸರಿಗೆ ಕೊಡು!" ಎಂದ ಬಾಲ. ಅವನಿಗೆ ಬಾಲ ಎಂದು ಹೆಸರು ಬಂದದ್ದೇ ಹೀಗೆ. ಡಾಕ್ಟರ್ ಎಲ್ಲಿಗೆ ಹೋದರೂ ಹಿಂದೆ ಹೋಗುತ್ತಿದ್ದ, ಡಾಕ್ಟರ್ ಹೇಳಿದ್ದನ್ನು ಇನ್ನೊಂದು ಸಲ ಹೇಳುತ್ತಿದ್ದ. ಸ್ವಂತದ್ದು ಅಂತ ಅವನ ಬಾಯಿಂದ ಒಂದು ಮಾತು ಬಂದಿದ್ದನ್ನು ಕೇಳಿದವರಿಲ್ಲ.

ಮೆಟ್ಟಿಲ ಮೇಲೆ ಕೂತಿದ್ದ ಉಳಿದ ಮಕ್ಕಳು ಕಿಸಕ್ಕನೆ ನಕ್ಕರು. ಸೂಜಿಯ ಕಿವಿ ಬಿಸಿಯಾಯಿತು.

ಅದು ಅವರ ಕಟ್ಟಡದ ಹಿಂಬದಿಯ ಮೆಟ್ಟಿಲು. ಪ್ರತಿ ಶನಿವಾರ ಮಧ್ಯಾಹ್ನ ಅಲ್ಲಿ ಕಾರುಗಳ ಕೋರ್ಟು ಸೇರುತ್ತಿತ್ತು. ಅಂಗಡಿಯಲ್ಲಿ ಬೆರಳುದ್ದದ ಡೈಕಾಸ್ಟ್ ಕಾರು ಸಿಗುತ್ತದಲ್ಲ, ಲೋಹದ ಮೈಯದ್ದು, ಅದನ್ನು ಬಿಚ್ಚಬೇಕು. ಹಳೇ ಬಣ್ಣ ಕೀಳಬೇಕು. ಹೊಸ ಬಣ್ಣ, ಹೊಸ ಚಕ್ರ ಹಾಕಿ ಬೇರೆಯದೇ ಕಾರು ಮಾಡಬೇಕು. ಅದಕ್ಕೆ ಕಸ್ಟಮ್ ಮಾಡುವುದು ಎನ್ನುತ್ತಿದ್ದರು. ಮಾಡಿದ್ದನ್ನು ತಂದು ಬಕೆಟ್ಟಿನ ಮೇಲೆ ಇಟ್ಟರೆ ಡಾಕ್ಟರ್ ತೀರ್ಪು ಹೇಳುತ್ತಿದ್ದ. ಚೆನ್ನಾಗಿದ್ದರೆ "ಪಾಸ್". ಪಾಸಾದ ಕಾರು ಅವನ ಮನೆಯ ಗಾಜಿನ ಶೋಕೇಸಿಗೆ ಹೋಗುತ್ತಿತ್ತು. ಇಲ್ಲದಿದ್ದರೆ "ಆಟಿಕೆ". ಮೆಟ್ಟಿಲಿನಲ್ಲಿ ಅದಕ್ಕಿಂತ ಕೆಟ್ಟ ಬೈಗುಳ ಇರಲಿಲ್ಲ.

ಅವನಿಗೆ ಡಾಕ್ಟರ್ ಅಂತ ಹೆಸರಿಟ್ಟವನು ಅವನೇ. ಕಾರುಗಳಿಗೆ ಆಪರೇಷನ್ ಮಾಡುತ್ತಾನಂತೆ. ಏಳನೇ ಕ್ಲಾಸಿನ ಗಣಿತವೇ ಇನ್ನೂ ಪಾಸಾಗಿರಲಿಲ್ಲ, ಆದರೂ ಕುತ್ತಿಗೆಗೆ ಒಂದು ಭೂತಗನ್ನಡಿ ನೇತುಹಾಕಿಕೊಂಡು ಓಡಾಡುತ್ತಿದ್ದ. ಆ ಭೂತಗನ್ನಡಿಯಲ್ಲಿ ಬೇರೆಯವರ ತಪ್ಪು ಮಾತ್ರ ಕಾಣುತ್ತಿತ್ತು.

ಇನ್ನು ಸೂಜಿ. ಸಣ್ಣಗಿದ್ದಾಳೆ, ಚುಚ್ಚುತ್ತಾಳೆ, ಅದಕ್ಕೇ ಸೂಜಿ. ಅವಳ ನಾಲಿಗೆಗೆ ಸಿಕ್ಕವರು ಯಾರೂ ಸುಮ್ಮನೆ ಮನೆಗೆ ಹೋಗುತ್ತಿರಲಿಲ್ಲ. ಡಾಕ್ಟರ್ ಮುಂದೆ ಮಾತ್ರ ಆ ನಾಲಿಗೆ ಬೆಕ್ಕಿನ ಮುಂದಿನ ಇಲಿಯಾಗುತ್ತಿತ್ತು. ಯಾಕೆಂದರೆ ಶೋಕೇಸಿನಲ್ಲಿ ಅವಳದೊಂದು ಕಾರೂ ಇರಲಿಲ್ಲ. ಒಂದಾದರೂ ಇರಲೇಬೇಕು ಅನ್ನುವುದು ಅವಳ ಹಟ. ಅದಕ್ಕಾಗಿ ಅವಳು ಏನು ಬೇಕಾದರೂ ಮಾಡಲು ತಯಾರಿದ್ದಳು.

ಡಾಕ್ಟರ್ ಗಂಟಲು ಸರಿಮಾಡಿಕೊಂಡ. "ಕೇಳಿಸ್ಕೊಳ್ಳಿ. ತಿಂಗಳ ಕೊನೇ ಶನಿವಾರ ಸ್ಪೆಷಲ್. ಹೊಳೆಯೋ ಕಾರು ಯಾರೂ ತರಬೇಡಿ, ಸಾಕಾಗಿದೆ. ಸಬ್ಜೆಕ್ಟ್ ಏನಪ್ಪಾ ಅಂದ್ರೆ, ನಮ್ಮ ರಸ್ತೇಲಿ ಓಡಾಡೋ ಅತಿ ದರಿದ್ರ ಗಾಡಿ."

ಬಾಲ ಮೂಗಿನಲ್ಲಿ ನಕ್ಕ. ಅವನ ಪಕ್ಕದವಳು ಬಾಯಿಗೆ ಕೈ ಅಡ್ಡ ಇಟ್ಟುಕೊಂಡಳು. ಒಬ್ಬೊಬ್ಬರ ಕಣ್ಣೂ ಸೂಜಿಯ ಕಡೆ ಬಂದು, ಏನೂ ಗೊತ್ತಿಲ್ಲದ ಹಾಗೆ ಗೋಡೆಯ ಕಡೆ ಹೋಯಿತು.

ಆ ರಸ್ತೆಯ ಅತಿ ದರಿದ್ರ ಗಾಡಿ ಯಾವುದು ಎಂದು ಎಲ್ಲರಿಗೂ ಗೊತ್ತಿತ್ತು. ಅದರಲ್ಲೇ ಅವರೆಲ್ಲ ದಿನವೂ ಸ್ಕೂಲಿಗೆ ಹೋಗುತ್ತಿದ್ದರು. ಅದನ್ನು ಓಡಿಸುವವಳು ಸೂಜಿಯ ಅಮ್ಮ.

ಇಂಥ ಹೊತ್ತಿಗೆಂದೇ ಸೂಜಿ ಒಂದು ಉಪಾಯ ಕಲಿತಿದ್ದಳು. ಬೇರೆಯವರು ನಗುವ ಮೊದಲು ತಾನೇ ನಗಬೇಕು, ಅವರಿಗಿಂತ ಜೋರಾಗಿ ನಗಬೇಕು. ಆಗ ಜೋಕು ತನ್ನದಾಗುತ್ತದೆ, ಅವರದ್ದಲ್ಲ.

"ಅದೇನು ಆ ಕಡೆ ಈ ಕಡೆ ನೋಡ್ತೀರ?" ಎಂದಳು. "ನಮ್ಮಮ್ಮನ ಬ್ರೆಡ್ ಡಬ್ಬಿ ಇದೆಯಲ್ಲ! ಅದನ್ನ ನಾನೇ ಮಾಡೋದು. ಯಾರೂ ಮುಟ್ಟಬೇಡಿ."

ಎಲ್ಲರೂ ಹೋ ಎಂದು ನಕ್ಕರು. ಡಾಕ್ಟರ್ ಮೊದಲ ಸಲ ಅವಳ ಬೆನ್ನು ತಟ್ಟಿದ. ಸೂಜಿಗೆ ಒಳಗೆಲ್ಲೋ ಏನೋ ಚುರುಕ್ ಎಂದಿತು. ಬೆನ್ನು ತಟ್ಟಿದ ಖುಷಿಯಲ್ಲಿ ಅವಳು ಅದನ್ನು ಗಮನಿಸಲಿಲ್ಲ.

ವ್ಯಾನು ದರಿದ್ರವಾಗಿತ್ತು ಅನ್ನುವುದು ಸುಳ್ಳಲ್ಲ. ಮೈಯೆಲ್ಲ ಹಳದಿ, ಆದರೆ ಪಕ್ಕಕ್ಕೆ ಸರಿಯುವ ದೊಡ್ಡ ಬಾಗಿಲು ಮಾತ್ರ ಮಾಸಿದ ಬಿಳಿ. ಹಳೇ ಬಾಗಿಲು ತುಕ್ಕು ಹಿಡಿದು ಉದುರಿದಾಗ ಗುಜರಿಯಿಂದ ಯಾವುದೋ ಬೇಕರಿ ವ್ಯಾನಿನ ಬಾಗಿಲು ತಂದು ಹಾಕಿಸಿದ್ದರು. ಅದರ ಮೇಲೆ ಒಂದು ದೊಡ್ಡ ಬ್ರೆಡ್ಡಿನ ಚಿತ್ರವಿತ್ತು. ಅಮ್ಮ ಅದನ್ನು ಕೆರೆದು ತೆಗೆಯಲು ಹೋಗಿ, ಅರ್ಧಕ್ಕೆ ಬೇಜಾರಾಗಿ ಬಿಟ್ಟುಬಿಟ್ಟಿದ್ದಳು. ಈಗ ಅರ್ಧ ಬ್ರೆಡ್ಡು ಊರೆಲ್ಲ ಸುತ್ತುತ್ತಿತ್ತು.

"ಬಣ್ಣ ಆದ್ರೂ ಹೊಡೆಸಮ್ಮ," ಎಂದು ಸೂಜಿ ಎಷ್ಟು ಸಲ ಹೇಳಿದ್ದಳೋ.

"ಓಡೋದು ಇಂಜಿನ್ನಾ, ಬಾಗಿಲಾ?" ಅನ್ನುತ್ತಿದ್ದಳು ಅಮ್ಮ. ಮುಗಿಯಿತು.

ಸೂಜಿಯ ನಾಲಿಗೆ ಎಲ್ಲಿಂದ ಬಂತು ಎಂದು ಯಾರಿಗಾದರೂ ಅನುಮಾನವಿದ್ದರೆ ಒಂದು ಸಲ ಆ ವ್ಯಾನಿನಲ್ಲಿ ಕೂರಬೇಕು. ಅಮ್ಮ ಸ್ಟೀರಿಂಗ್ ಹಿಡಿದಳೆಂದರೆ ರಸ್ತೆಯಲ್ಲಿ ಒಬ್ಬರೂ ಅವಳ ಕಣ್ಣಿಗೆ ಮನುಷ್ಯರ ಹಾಗೆ ಕಾಣುತ್ತಿರಲಿಲ್ಲ. ಕಿಟಕಿಯಿಂದ ಅರ್ಧ ಮೈ ಹೊರಗೆ ಹಾಕಿ, "ಏನಯ್ಯಾ, ಇಂಡಿಕೇಟರ್ ಇರೋದು ಗಾಡಿಗೆ ಬೊಟ್ಟು ಇಟ್ಟ ಹಾಗಿರಲಿ ಅಂತಾನಾ?" ಅನ್ನುವಳು. ಫೋನಿನಲ್ಲಿ ಮಾತಾಡುತ್ತಾ ರಸ್ತೆ ದಾಟುವವರನ್ನು ಕಂಡರೆ, "ನಿಧಾನಕ್ಕೆ ಹೋಗಿ ಸ್ವಾಮಿ, ನಾವೆಲ್ಲ ನಿಮ್ಮ ಮಾತು ಮುಗೀಲಿ ಅಂತಲೇ ನಿಂತಿರೋದು!" ಅನ್ನುವಳು. ಹಿಂದಿನ ಸೀಟಿನಲ್ಲಿ ಡಾಕ್ಟರ್ ಮತ್ತು ಬಾಲ ಅದನ್ನೇ ಸದ್ದಿಲ್ಲದೆ ಅಣಕಿಸುವರು. ಅವರ ಮಧ್ಯೆ ಕೂತ ಸೂಜಿ ಅವರಿಗಿಂತ ಚೆನ್ನಾಗಿ ಅಣಕಿಸುವಳು. ಅಮ್ಮನ ಪಕ್ಕದ ಸೀಟು ಖಾಲಿ ಇದ್ದರೂ ಅವಳು ಅಲ್ಲಿ ಕೂರುತ್ತಿರಲಿಲ್ಲ.

ಕೆಲಸ ಅಂದು ಸಂಜೆಯೇ ಶುರುವಾಯಿತು. ಸೂಜಿಯ ಬಳಿ ಒಂದು ಹಳೇ ಡೈಕಾಸ್ಟ್ ಆಂಬುಲೆನ್ಸ್ ಇತ್ತು. ಆಕಾರ ಅಮ್ಮನ ವ್ಯಾನಿನದ್ದೇ. ಅದರ ಹೊಟ್ಟೆಯ ಕೆಳಗಿನ ರಿವೆಟ್ಟುಗಳನ್ನು ಕೊರೆದರೆ ಮೈ, ತಳ, ಸೀಟು, ಗಾಜು ಎಲ್ಲ ಬೇರೆ ಬೇರೆಯಾಗುತ್ತವೆ. ಡ್ರಿಲ್ ಹಿಡಿಯುವುದು ಮಾತ್ರ ಅಪ್ಪನ ಕೆಲಸ. ಅಪ್ಪ ಆಸ್ಪತ್ರೆಯಲ್ಲಿ ಎಕ್ಸ್-ರೇ ತೆಗೆಯುವವರು. ಒಳಗೆ ಏನಿದೆ ಎಂದು ನೋಡಿದರು, "ಮೂಳೆ ಎಲ್ಲ ಸರಿಯಾಗಿದೆ" ಎಂದರು, ಯಾಕೆ ಏನು ಎಂದು ಕೇಳದೆ ಪೇಪರ್ ಓದಲು ಹೋದರು.

ಬಣ್ಣ ಕಿತ್ತಿದ್ದಾಯಿತು, ಹಳದಿ ಬಳಿದಿದ್ದಾಯಿತು. ಈ ಸಲ ಒಣಗುವವರೆಗೂ ಕೈ ಕಟ್ಟಿ ಕೂತಳು. ಆದರೆ ವ್ಯಾನು ಹೊಸದರ ಹಾಗೆ ಫಳಫಳ ಹೊಳೆಯುತ್ತಿತ್ತು. ನಗು ಬರುವುದಿರಲಿ, ನೋಡಿದರೆ ಒಂದು ರೌಂಡು ಹೋಗಿಬರೋಣ ಅನ್ನಿಸುತ್ತಿತ್ತು. ನಗಿಸಬೇಕಾದರೆ ಅಮ್ಮನ ವ್ಯಾನು ಇದ್ದ ಹಾಗೇ ಬರಬೇಕು. ದಿನವೂ ಅದರಲ್ಲಿ ಕೂರುವ ಸೂಜಿಗೆ ಅದು ಹೇಗಿದೆ ಎಂದು ನೆನಪು ಮಾಡಿಕೊಳ್ಳಲು ಹೋದರೆ ಅರ್ಧ ಬ್ರೆಡ್ಡು ಬಿಟ್ಟು ಬೇರೇನೂ ನೆನಪಾಗಲಿಲ್ಲ.

ಹಾಗಾಗಿ ಸಂಜೆ ಹೊತ್ತು ವ್ಯಾನಿನ ಸುತ್ತ ಸುತ್ತತೊಡಗಿದಳು. ಅಮ್ಮ ಬಕೆಟ್ಟು ಹಿಡಿದು ಗಾಜು ಒರೆಸುತ್ತಿದ್ದಳು.

"ಏನೇ ಇದು, ಇದ್ದಕ್ಕಿದ್ದ ಹಾಗೆ ವ್ಯಾನಿನ ಮೇಲೆ ಪ್ರೀತಿ?" ಎಂದಳು.

"ಸ್ಕೂಲ್ ಪ್ರಾಜೆಕ್ಟು," ಎಂದಳು ಸೂಜಿ. ಸುಳ್ಳು ಅಷ್ಟು ಸಲೀಸಾಗಿ ಬಂದದ್ದು ನೋಡಿ ಅವಳಿಗೇ ಆಶ್ಚರ್ಯವಾಯಿತು. "ಈ ಡೆಂಟು ಹೇಗಾಯ್ತು?"

"ಅದಾ? ನಿಮ್ಮ ಸ್ಕೂಲಿನ ಗೇಟು. ಅಷ್ಟು ಇಕ್ಕಟ್ಟಾಗಿ ಗೇಟು ಕಟ್ಟಿದವರು ಯಾರೋ ಪುಣ್ಯಾತ್ಮರು."

"ಇದು?"

"ಕಂಬ. ಎಲ್ಲಿಂದ ಬಂತೋ ಗೊತ್ತಿಲ್ಲ. ಹಿಂದಿನ ದಿನ ಅಲ್ಲಿರಲಿಲ್ಲ."

ಅಮ್ಮನ ಪ್ರಕಾರ ಆ ವ್ಯಾನಿನ ಒಂದು ಗೀರೂ ಅವಳ ತಪ್ಪಿನಿಂದ ಆದದ್ದಲ್ಲ. ಗೇಟು, ಕಂಬ, ಮರ, ಸರ್ಕಾರ, ಎಲ್ಲರೂ ಸೇರಿ ಅವಳ ವ್ಯಾನಿನ ಮೇಲೆ ಬಿದ್ದಿದ್ದರು. ಸೂಜಿ ಬಾಯಿ ಬಿಗಿಹಿಡಿದು ಎಲ್ಲ ಕೇಳಿಸಿಕೊಂಡಳು. ಒಂದು ಡೆಂಟಿನ ಒಳಗೆ ಹೆಬ್ಬೆರಳು ಇಟ್ಟು ಆಳ ನೋಡಿದಳು. ಎಡಗಡೆಯ ಕನ್ನಡಿ ಬೇರೆ ಗಾಡಿಯದ್ದು, ತಂತಿಯಿಂದ ಬಿಗಿದದ್ದು. ಬಾಗಿಲ ಒಳಗಿನ ಹಿಡಿಗೆ ಒಂದು ಹಗ್ಗದ ಕುಣಿಕೆ ಇತ್ತು. ಎಲ್‌ಕೆಜಿ ಮಕ್ಕಳ ಕೈಗೂ ಎಟುಕುವಷ್ಟು ಕೆಳಗೆ ಅದು ಇಳಿದಿತ್ತು. ಹಗ್ಗ ಕೊಳೆಯಾಗಿತ್ತು. ನಗಲು ಚೆನ್ನಾಗಿದೆ ಎಂದು ಅದನ್ನೂ ಲೆಕ್ಕಕ್ಕೆ ತೆಗೆದುಕೊಂಡಳು.

ಡೆಂಟು ಮಾಡುವುದು ಸುಲಭವಲ್ಲ ಎಂದು ಆಮೇಲೆ ಗೊತ್ತಾಯಿತು. ನಿಜವಾದ ವ್ಯಾನಿನ ತಗಡು ಬಗ್ಗುತ್ತದೆ. ಡೈಕಾಸ್ಟ್ ಬಗ್ಗುವುದಿಲ್ಲ, ಜೋರಾಗಿ ಹೊಡೆದರೆ ಒಡೆದುಹೋಗುತ್ತದೆ. ಸಣ್ಣ ಅರದಿಂದ ಸ್ವಲ್ಪ ಸ್ವಲ್ಪವೇ ಉಜ್ಜಿ ಹಳ್ಳ ಮಾಡಬೇಕು. ಗೇಟಿನ ಡೆಂಟು ಉದ್ದಕ್ಕೆ, ಕಂಬದ್ದು ಗುಂಡಗೆ. ಉಜ್ಜುವುದು, ಕೆಳಗೆ ಓಡಿಹೋಗಿ ವ್ಯಾನು ನೋಡುವುದು, ಬಂದು ಮತ್ತೆ ಉಜ್ಜುವುದು. ಬಾಗಿಲಿಗೆ ಬಿಳಿ ಬಳಿದು, ಸೂಜಿಮೊನೆಯಲ್ಲಿ ಕಂದು ಬಣ್ಣ ಮುಟ್ಟಿಸಿ ಬ್ರೆಡ್ಡು ಬರೆದು, ಅರ್ಧ ಕೆರೆದು ತೆಗೆದಳು. ಚಿತ್ರದ ತರಗತಿಯ ಕಂದು ಚಾಕ್‌ಪೀಸನ್ನು ಪುಡಿಮಾಡಿ ಚಕ್ರದ ಮೇಲೆ ತುಕ್ಕು ಉದುರಿಸಿದಳು. ಒಂದು ನೂಲಿನ ಎಳೆಯಲ್ಲಿ ಹಗ್ಗದ ಕುಣಿಕೆಯೂ ಬಂತು.

ಇಷ್ಟೆಲ್ಲ ಆದ ಮೇಲೂ ಏನೋ ಸಾಲದು ಅನ್ನಿಸಿತು. ಯೋಚಿಸಿದಳು. ಆಮೇಲೆ ಬಿರುಕು ಮುಚ್ಚಲು ಬಳಸುವ ಪುಟ್ಟಿಯ ಹಿಟ್ಟನ್ನು ಉಂಡೆ ಮಾಡಿ ಒಂದು ಡ್ರೈವರ್ ಮಾಡಿದಳು. ಕಿಟಕಿಯಿಂದ ಅರ್ಧ ಮೈ ಹೊರಗೆ. ಕುತ್ತಿಗೆಯ ನರ ಉಬ್ಬಿದೆ. ಮುಖದ ತುಂಬ ಬಾಯಿ, ಗುಹೆಯ ಹಾಗೆ ತೆರೆದ ಬಾಯಿ. ಅದನ್ನು ಅಂಟಿಸಿ ನೋಡಿ ಸೂಜಿ ಒಬ್ಬಳೇ ನಕ್ಕಳು. ಇನ್ನು ಶೋಕೇಸು ತನ್ನದೇ ಎಂದುಕೊಂಡಳು.

ತಿಂಗಳ ಕೊನೆಯ ಶನಿವಾರ ಅವಳು ಬಕೆಟ್ಟಿನ ಮೇಲೆ ವ್ಯಾನು ಇಟ್ಟು, ಮುಚ್ಚಿದ್ದ ಕರ್ಚೀಫು ಎಳೆದಾಗ ಎಲ್ಲರೂ ಮೆಟ್ಟಿಲೇ ಕುಸಿಯುವ ಹಾಗೆ ನಕ್ಕರು. ಬಾಲ ಹೊಟ್ಟೆ ಹಿಡಿದುಕೊಂಡು ಕೆಳಗಿನ ಮೆಟ್ಟಿಲಿಗೆ ಜಾರಿದ.

"ಬಾಯಿ ನೋಡ್ರೋ! ಬಾಯಿ ನೋಡಿ!"

"ಅಯ್ಯೋ, ಬ್ರೆಡ್ಡೂ ಇದೆ!"

ಡಾಕ್ಟರ್ ಭೂತಗನ್ನಡಿ ಹಿಡಿದು ಮೇಲೆ ಕೆಳಗೆ ನೋಡಿದ. ಬೋರಲು ಹಾಕಿ ನೋಡಿದ. ತಪ್ಪು ಹುಡುಕಲು ಅವನು ಪಟ್ಟ ಪಾಡು ಹೇಳತೀರದು. ಒಂದೂ ಸಿಗಲಿಲ್ಲ.

"ಪಾಸ್," ಎಂದ ಕೊನೆಗೆ, ಹಲ್ಲು ಕಿತ್ತು ಕೊಟ್ಟವನ ಹಾಗೆ.

ಸೂಜಿ ಅಂದು ನೆಲದ ಮೇಲೆ ಕಾಲೂರಲಿಲ್ಲ. ಸಂಜೆ ಡಾಕ್ಟರ್ ಮನೆಗೆ ಹೋಗಿ ಶೋಕೇಸಿನಲ್ಲಿ ತನ್ನ ವ್ಯಾನು ನೋಡಿದಳು. ಭಾನುವಾರ ಇನ್ನೊಂದು ಸಲ ಹೋಗಿ ನೋಡಿದಳು.

ಸೋಮವಾರ ಬೆಳಿಗ್ಗೆ ಡಾಕ್ಟರ್ ಅದನ್ನು ಜೇಬಿಗೆ ಹಾಕಿಕೊಂಡು ಬಂದಿದ್ದ. ಕ್ಲಾಸಿನವರಿಗೆ ತೋರಿಸಬೇಕಂತೆ. ಕ್ಲಾಸಿನವರೆಗೆ ತಡೆದುಕೊಳ್ಳುವ ತಾಳ್ಮೆ ಅವನಿಗೆಲ್ಲಿ! ವ್ಯಾನು ಎರಡು ತಿರುವು ದಾಟಿರಲಿಲ್ಲ, ಹಿಂದಿನ ಸೀಟಿನಲ್ಲಿ ಪುಟ್ಟ ವ್ಯಾನು ಕೈಯಿಂದ ಕೈಗೆ ಹೋಗತೊಡಗಿತು. ಮುಂದೆ ನಿಜವಾದ ಅಮ್ಮ ಕಿಟಕಿಯಿಂದ ಹೊರಗೆ ಬಾಗಿ ಒಬ್ಬ ಬೈಕಿನವನಿಗೆ ಬೈಯುತ್ತಿದ್ದಳು. ಹಿಂದೆ ಬಾಲ ಪುಟ್ಟಿಯಲ್ಲಿ ಮಾಡಿದ ಅಮ್ಮನನ್ನು ಎತ್ತಿಹಿಡಿದು ಅದೇ ಮಾತಿಗೆ ಬಾಯಿ ಅಲ್ಲಾಡಿಸಿದ. ನಗು ಸಿಡಿಯಿತು.

"ಏನ್ರೋ ಅದು ಹಿಂದುಗಡೆ ಸಂತೆ?" ಎಂದಳು ಅಮ್ಮ. "ಏನಿದೆ ಕೈಯಲ್ಲಿ? ಕೊಡಿ ಇಲ್ಲಿ."

ಅಮ್ಮ ವ್ಯಾನನ್ನು ರಸ್ತೆ ಬದಿಗೆ ತಂದು ನಿಲ್ಲಿಸಿದಳು. ಪುಟ್ಟ ವ್ಯಾನು ಸೀಟಿನಿಂದ ಸೀಟಿಗೆ ಮುಂದಕ್ಕೆ ಹೋಯಿತು. ಸೂಜಿಗೆ ಎದ್ದು ಅದನ್ನು ಕಿತ್ತುಕೊಂಡು ನುಂಗಿಬಿಡೋಣ ಅನ್ನಿಸಿತು. ಆದರೆ ಏಳಲಿಲ್ಲ.

ಅಮ್ಮ ಅದನ್ನು ಅಂಗೈಯಲ್ಲಿ ಇಟ್ಟುಕೊಂಡು ನೋಡಿದಳು. ತಿರುಗಿಸಿ ನೋಡಿದಳು. ಗೇಟಿನ ಡೆಂಟಿನ ಮೇಲೆ ಉಗುರು ಆಡಿಸಿದಳು.

"ಯಾರು ಮಾಡಿದ್ದು?"

"ನಿಮ್ಮ ಮಗಳೇ ಆಂಟಿ," ಎಂದ ಬಾಲ. ಅವನ ಬಾಯಿಂದ ಹುಟ್ಟಿ ಬಂದ ಮೊದಲ ಸ್ವಂತ ಮಾತು ಅದು. ಬರಬೇಕಾದ ಹೊತ್ತೇ ಹುಡುಕಿಕೊಂಡು ಬಂದಿತ್ತು.

ಅಮ್ಮ ತಿರುಗಿದಳು. ಸೂಜಿಯನ್ನು ನೋಡಿದಳು. ಆಮೇಲೆ ಬೆರಳ ತುದಿಯಿಂದ ಪುಟ್ಟಿಯ ಡ್ರೈವರನ್ನು ಮುಟ್ಟಿದಳು.

"ಇದು ನಾನಾ?"

ಸೂಜಿ ಹೌದೆಂದು ತಲೆಯಾಡಿಸಿದಳು.

"ಬಾಯಿ ಇಷ್ಟಗಲ ಇದೆಯಲ್ಲೇ. ಏನು ಮಾಡ್ತಿದೀನಿ? ನಗ್ತಿದೀನಾ?"

ಡಾಕ್ಟರ್ ಮೊಣಕೈಯಿಂದ ಸೂಜಿಯನ್ನು ತಿವಿದ. "ಹೇಳು, ಹೇಳು," ಎಂದು ಪಿಸುಗುಟ್ಟಿದ. ಎಲ್ಲರೂ ಕತ್ತು ಚಾಚಿ ಕಾಯುತ್ತಿದ್ದರು. ಇದಕ್ಕಿಂತ ದೊಡ್ಡ ನಗುವಿಗೆ ಅವಕಾಶ ಮತ್ತೆ ಸಿಗುವುದಿಲ್ಲ ಎಂದು ಸೂಜಿಗೂ ಗೊತ್ತಿತ್ತು. ನಾಲಿಗೆಯ ತುದಿಗೆ ಮಾತು ಬಂದೂ ಬಂದಿತ್ತು.

"ಹೂಂ," ಎಂದಳು ಸೂಜಿ. "ನಗ್ತಿದೀಯ."

"ಅದೇ ಅಂದ್ಕೊಂಡೆ," ಎಂದಳು ಅಮ್ಮ. ಮುಂದಿನ ಡಬ್ಬದಿಂದ ಟೇಪು ತೆಗೆದು, ಹಲ್ಲಿನಲ್ಲಿ ಕಚ್ಚಿ ತುಂಡು ಮಾಡಿ, ಪುಟ್ಟ ವ್ಯಾನನ್ನು ಸ್ಟೀರಿಂಗಿನ ಮುಂದೆ ಎಲ್ಲರಿಗೂ ಕಾಣುವ ಹಾಗೆ ಅಂಟಿಸಿದಳು. ಗೇರು ಹಾಕಿದಳು.

ಅಲ್ಲಿಂದ ಸ್ಕೂಲಿನವರೆಗೆ ಸೂಜಿಗೆ ನರಕ. ಸಿಗ್ನಲ್ಲಿನಲ್ಲಿ ನಿಂತ ಪೊಲೀಸನಿಗೆ ಅಮ್ಮ, "ನೋಡಿ ಸಾರ್, ನನ್ನ ಮಗಳು ಮಾಡಿದ್ದು," ಎಂದಳು. ಪಕ್ಕಕ್ಕೆ ಬಂದ ಇನ್ನೊಂದು ವ್ಯಾನಿನ ಡ್ರೈವರಿಗೆ, "ನಿನ್ನ ಗಾಡೀನ ಯಾರಾದ್ರೂ ಹೀಗೆ ಮಾಡ್ತಾರೇನಯ್ಯಾ? ಮಾಡೋಕೆ ಏನಿದೆ ಅದರಲ್ಲಿ, ಸೋಪಿನ ಡಬ್ಬಿ ಇದ್ದ ಹಾಗಿದೆ," ಎಂದಳು. ಸ್ಕೂಲಿನ ವಾಚ್‌ಮನ್‌ಗೆ ಅರ್ಧ ಬ್ರೆಡ್ಡು ತೋರಿಸಿದಳು. ಗೇಟಿನ ಡೆಂಟು ತೋರಿಸಿ, "ಇದು ನಿಮ್ಮ ಗೇಟಿನ ಕೆಲಸ," ಎಂದು ಬೈಯುವುದನ್ನೂ ಮರೆಯಲಿಲ್ಲ. ಹೊಗಳಿದಷ್ಟೂ ಸೂಜಿ ಸೀಟಿನಲ್ಲಿ ಕೆಳಕೆಳಗೆ ಜಾರಿದಳು. ಬೈದಿದ್ದರೆ ಇದಕ್ಕಿಂತ ವಾಸಿಯಿತ್ತು.

ಮಧ್ಯಾಹ್ನ ಊಟದ ಬಿಡುವಿನಲ್ಲಿ ಡಾಕ್ಟರ್ ಬಂದ. ಬಾಲವೂ ಬಂತು.

"ಸಂಜೆ ಅದನ್ನ ಕಿತ್ತು ನಂಗೆ ಕೊಟ್ಟುಬಿಡು," ಎಂದ ಡಾಕ್ಟರ್. "ಪಾಸಾದ ಕಾರು ಶೋಕೇಸಿಂದು. ರೂಲ್ಸ್ ಗೊತ್ತಲ್ಲ."

"ರೂಲ್ಸ್ ಗೊತ್ತಲ್ಲ," ಎಂದ ಬಾಲ.

"ಕೊಡಲ್ಲ," ಎಂದಳು ಸೂಜಿ.

"ಹಾಗಾದ್ರೆ ಮೆಟ್ಟಿಲಿಗೆ ಬರಬೇಡ. ಈ ಶನಿವಾರ ಅಲ್ಲ, ಯಾವ ಶನಿವಾರಾನೂ ಬರಬೇಡ."

ಶೋಕೇಸಿನ ಗಾಜು, ಅದರೊಳಗಿನ ಪುಟ್ಟ ಲೈಟು, ಲೈಟಿನ ಕೆಳಗೆ ತನ್ನ ವ್ಯಾನು, ಎಲ್ಲ ಸೂಜಿಯ ಕಣ್ಣ ಮುಂದೆ ಬಂತು. ಅಷ್ಟು ಕಷ್ಟಪಟ್ಟು ಒಳಗೆ ಹೋದವಳು ಎರಡೇ ದಿನಕ್ಕೆ ಹೊರಗೆ.

"ನಿನ್ನ ಮೆಟ್ಟಿಲೇನು ಅರಮನೇದಾ?" ಎಂದಳು. "ಅದು ಕಸ ತಗೊಂಡು ಹೋಗೋ ಮೆಟ್ಟಿಲು. ಇನ್ಮೇಲೆ ನೀನೇ ಕೂತ್ಕೋ ಅಲ್ಲಿ."

ಡಾಕ್ಟರ್ ಕುತ್ತಿಗೆಯ ಭೂತಗನ್ನಡಿಯನ್ನು ತಿರುಗಿಸತೊಡಗಿದ. ಬಾಲ ಅದನ್ನೇ ನೋಡುತ್ತಾ ನಿಂತ. ಸೂಜಿ ಬೆನ್ನು ತಿರುಗಿಸಿ ಹೋದಳು. ನಲ್ಲಿಯ ಹತ್ತಿರ ಹೋಗಿ ಮುಖ ತೊಳೆದುಕೊಂಡಳು, ಯಾಕೆಂದರೆ ಕಣ್ಣು ಉರಿಯುತ್ತಿತ್ತು.

ಸಂಜೆ ಕಟ್ಟಡದ ಮುಂದೆ ವ್ಯಾನು ನಿಂತಿತು. ಮಕ್ಕಳೆಲ್ಲ ದಡಬಡ ಇಳಿದರು. ಡಾಕ್ಟರ್ ಸೂಜಿಯ ಮುಖ ನೋಡದೆ ಇಳಿದ. ಅಮ್ಮ ಇನ್ನು ರಸ್ತೆಯ ಆ ತುದಿಗೆ ಹೋಗಿ, ಗ್ಯಾರೇಜಿನ ಪಕ್ಕದ ಖಾಲಿ ಜಾಗದಲ್ಲಿ ವ್ಯಾನು ಬಿಟ್ಟು ನಡೆದು ಬರಬೇಕು. ಯಾವಾಗಲೂ ಮೊದಲು ಹಾರಿ ಇಳಿಯುತ್ತಿದ್ದ ಸೂಜಿ ಇವತ್ತು ಇಳಿಯಲಿಲ್ಲ. ಸೀಟು ಹಿಡಿದುಕೊಂಡು ಮುಂದೆ ಬಂದು ಅಮ್ಮನ ಪಕ್ಕದಲ್ಲಿ ಕೂತಳು.

"ಏನು, ಮಹಾರಾಣಿಯವರು ಮುಂದೆ ಬಂದ್ರು?" ಎಂದಳು ಅಮ್ಮ. ವ್ಯಾನು ಹೊರಟಿತು.

ಸೂಜಿ ಪುಟ್ಟ ವ್ಯಾನನ್ನು ನೋಡುತ್ತಾ ಕೂತಳು. ಆ ಬಾಯಿ ಈಗ ಇನ್ನೂ ದೊಡ್ಡದಾಗಿ ಕಾಣುತ್ತಿತ್ತು.

"ಅಮ್ಮ, ಅದನ್ನ ಕೊಡು. ಬಾಯಿ ಸರಿ ಮಾಡಿ ತಂದುಕೊಡ್ತೀನಿ."

"ಯಾಕೆ? ನಗ್ತಿದೀನಿ ಅಂದ್ಯಲ್ಲ."

"ಹೂಂ."

"ನಗೋರಿಗೆ ಕುತ್ತಿಗೆ ನರ ಹೀಗೆ ಉಬ್ಬಲ್ಲ ಕಣೇ."

ಅಮ್ಮನಿಗೆ ಗೊತ್ತಿತ್ತು. ಈಗಲ್ಲ, ಬೆಳಿಗ್ಗೆ ರಸ್ತೆ ಬದಿಯಲ್ಲಿ ಅಂಗೈ ಮೇಲೆ ಇಟ್ಟುಕೊಂಡು ನೋಡಿದಾಗಲೇ ಗೊತ್ತಿತ್ತು. ಗೊತ್ತಿದ್ದೇ ಎಲ್ಲರ ಮುಂದೆ "ನಗ್ತಿದೀನಾ?" ಎಂದು ಕೇಳಿದ್ದಳು.

"ಕೋಪ ಬಂತಾ?" ಎಂದಳು ಸೂಜಿ.

"ಬರದೆ? ಬಂತು. ಮೈಯೆಲ್ಲ ಉರೀತು." ಅಮ್ಮ ಗೇರು ಬದಲಿಸಿದಳು. "ಆಮೇಲೆ ಆ ಸೋಪಿನ ಡಬ್ಬಿಯವನು ಪಕ್ಕಕ್ಕೆ ಬಂದ ನೋಡು, ಅರ್ಧ ಅವನ ಮೇಲೆ ಹೋಯ್ತು."

"ಮತ್ತೆ ಯಾಕೆ ಎಲ್ಲರಿಗೂ ತೋರಿಸಿದೆ?"

"ತೋರಿಸದೆ ಏನು? ಬ್ರೆಡ್ಡು ಎಷ್ಟು ಚೆನ್ನಾಗಿ ಬಂದಿದೆ! ಆ ಕೆರೆದ ಗೀರು ಕೂಡ ಬಿಟ್ಟಿಲ್ಲ ನೀನು. ನಾನು ಕೆರೆಯೋವಾಗ ಪಕ್ಕದಲ್ಲೇ ನಿಂತು ನೋಡಿದ ಹಾಗಿದೆ." ಅಮ್ಮ ಪುಟ್ಟ ವ್ಯಾನಿನ ಕಡೆ ಒಂದು ಸಲ ಕಣ್ಣು ಹಾಯಿಸಿ ಮೂಗು ಮುರಿದಳು. "ಆದ್ರೆ ಡ್ರೈವರ್ ಮಾತ್ರ ದಂಡ. ಬಾಯಿ ಇದೆ, ನರ ಇದೆ, ಕಣ್ಣೇ ಇಲ್ವಲ್ಲೇ ಇವಳಿಗೆ! ಹೀಗೆ ಓಡಿಸಿದ್ರೆ ಲೈಸೆನ್ಸ್ ಕಿತ್ಕೊಂಡು ಮನೆಗೆ ಕಳಿಸ್ತಾರೆ."

ಸೂಜಿ ಬಾಗಿ ನೋಡಿದಳು. ಹೌದು. ಬಾಯಿ ಮಾಡುವ ಭರದಲ್ಲಿ ಕಣ್ಣು ಮಾಡಿರಲೇ ಇಲ್ಲ. ಭೂತಗನ್ನಡಿ ಹಿಡಿದ ಡಾಕ್ಟರಿಗೂ ಅದು ಕಂಡಿರಲಿಲ್ಲ.

"ಮಾಡ್ತೀನಿ," ಎಂದಳು. "ಇವತ್ತೇ ಮಾಡ್ತೀನಿ."

ಮಾಡಬೇಕಾದರೆ ನೋಡಬೇಕು. ಸೂಜಿ ಸೀಟಿನಲ್ಲಿ ತಿರುಗಿ ಕೂತು ಅಮ್ಮನ ಮುಖ ನೋಡತೊಡಗಿದಳು. ಅಷ್ಟರಲ್ಲಿ ಸ್ಕೂಟರಿನವನೊಬ್ಬ ಅಡ್ಡ ಬಂದ. "ಬಾರಪ್ಪ, ಒಳಗೇ ಬಂದುಬಿಡು, ಸೀಟು ಖಾಲಿ ಇದೆ!" ಎಂದು ಅಮ್ಮ ಕೂಗಿದಳು. ಬಾಯಿ ಅಗಲವಾಯಿತು, ನರ ಉಬ್ಬಿತು. ಕಣ್ಣು ಮಾತ್ರ ಸ್ಕೂಟರಿನ ಮೇಲಿರಲಿಲ್ಲ. ಬ್ರೇಕು ಒತ್ತಿದ ಕೂಡಲೆ ಅದು ಸರಕ್ಕನೆ ಮೇಲಿನ ಕನ್ನಡಿಗೆ ಹೋಗಿ, ಒಂದು ಸುತ್ತು ಹಾಕಿ, ಮತ್ತೆ ರಸ್ತೆಗೆ ಬಂತು.

"ಕನ್ನಡೀಲಿ ಏನು ನೋಡಿದೆ?" ಎಂದಳು ಸೂಜಿ.

"ಹಿಂದೆ ಯಾರಾದ್ರೂ ಮುಗ್ಗರಿಸಿದ್ರಾ ಅಂತ."

"ಹಿಂದೆ ಯಾರೂ ಇಲ್ಲಮ್ಮ. ಎಲ್ಲ ಇಳಿದು ಹೋದ್ರು."

"ಹೌದಲ್ಲ," ಎಂದಳು ಅಮ್ಮ. "ಅಭ್ಯಾಸ."

ಮುಂದಿನ ತಿರುವಿನಲ್ಲೂ ಕಣ್ಣು ಅಲ್ಲಿಗೇ ಹೋಯಿತು. ಅದು ಹೋಗುವ ಜಾಗ ಸರಿಯಾಗಿ ತಿಳಿಯಲೆಂದು ಸೂಜಿ ಅಮ್ಮನ ಭುಜಕ್ಕೆ ತಲೆ ತಾಗಿಸಿ, ಅಮ್ಮ ನೋಡುವ ಕಡೆಯಿಂದಲೇ ಕನ್ನಡಿ ನೋಡಿದಳು.

ಕನ್ನಡಿಯಲ್ಲಿ ಹಿಂದಿನ ಸೀಟು ಪೂರ್ತಿ ಕಾಣುತ್ತಿತ್ತು. ಡಾಕ್ಟರ್ ಕೂರುವ ಮೂಲೆ, ಬಾಲ ಕೂರುವ ಮೂಲೆ, ಅವರಿಬ್ಬರ ನಡುವೆ ತಾನು ದಿನವೂ ಕೂತು ಅಣಕಿಸುತ್ತಿದ್ದ ಜಾಗ. ಎಲ್ಲಕ್ಕಿಂತ ಅದೇ ಸ್ಪಷ್ಟವಾಗಿ ಕಾಣುತ್ತಿತ್ತು.

"ಏನೇ, ಮೈಮೇಲೆ ಬೀಳ್ತೀಯ? ಗಾಡಿ ಓಡಿಸೋದಾ ಬೇಡ್ವಾ?" ಎಂದಳು ಅಮ್ಮ.

ಸೂಜಿ ತಲೆ ತೆಗೆಯಲಿಲ್ಲ. ಗ್ಯಾರೇಜು ಬರುವವರೆಗೂ ಹಾಗೇ ಕೂತಿದ್ದಳು.